ಮನೆಯಲ್ಲಿ ಏನನ್ನು ಹುದುಗಿಸೋಣ: ಅಂಬಲಿ, ಶುಂಠಿ ಬಿಯರ್, ಕೊಂಬುಚಾ, ತೆಪಾಚೆ

ಮನೆಯಲ್ಲೇ ಬಿಯರ್ ಮಾಡೋದು ಹೇಗೆ ಅಂತ ಧಾರವಾಡದಲ್ಲಿ ನನಗೆ ಪರಿಚಯದ ಹುಡುಗರು ಆಗಾಗ ಕೇಳುತ್ತಾರೆ. ನನ್ನ ಅಡುಗೆಮನೆಯಲ್ಲಿ ಯಾವಾಗಲೂ ಒಂದೆರಡು ಬಾಟಲಿ ಗುಳುಗುಳು ಅನ್ನುತ್ತಿರುತ್ತವೆ ಅನ್ನೋದು ಅವರಿಗೆ ಗೊತ್ತು. ಅವರಿಗೆ ಹೇಳುವುದನ್ನೇ ಇಲ್ಲೂ ಮೊದಲು ಹೇಳುತ್ತೇನೆ. ಕರ್ನಾಟಕದ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮಾರೋದಕ್ಕಲ್ಲ, ಮನೆಯವರೇ ಕುಡಿಯೋದಕ್ಕೆ ಅಂದರೂ ಬಿಯರ್ ಬಿಯರೇ. ಭಟ್ಟಿ ಇಳಿಸುವ ವಿಚಾರವಂತೂ ತಲೆಗೇ ತರಬೇಡಿ. ಅದು ಜೀವ ತೆಗೆಯುವ ಕೆಲಸ.

ಕಾಯ್ದೆಯನ್ನು ಪಕ್ಕಕ್ಕಿಟ್ಟು ನೋಡಿದರೂ ನಮ್ಮ ಕಡೆಯ ಹವೆಗೆ ಬಿಯರ್ ಸುಲಭದ ವಸ್ತು ಅಲ್ಲ. ಏಲ್ ಅನ್ನುವ ಬಗೆಯ ಬಿಯರಿನ ಈಸ್ಟಿಗೆ 18ರಿಂದ 22 ಡಿಗ್ರಿ ಬೇಕು. ಲಾಗರ್ ಅನ್ನುವ ಇನ್ನೊಂದು ಬಗೆಗೆ 8ರಿಂದ 13 ಡಿಗ್ರಿ. ಅಷ್ಟು ತಂಪನ್ನು ಒಂದೆರಡು ವಾರ ಬಿಡದೆ ಕಾಯಬೇಕು. 30 ಡಿಗ್ರಿಯಲ್ಲಿ ಬಿಟ್ಟರೆ ಬಾಳೆಹಣ್ಣಿನ ವಾಸನೆ, ಪೇಂಟ್ ತೆಳುವು ಮಾಡುವ ಎಣ್ಣೆಯಂಥ ವಾಸನೆ ಬರುತ್ತದೆ. ಕುಡಿದವರಿಗೆ ತಲೆನೋವೂ ಸಿಗುತ್ತದೆ.

ಹಾಗಾದರೆ ಆಸೆ ಬಿಡಬೇಕಾ? ಬೇಡ. ಬಿಯರಿನಲ್ಲಿ ನಿಮ್ಮನ್ನು ಸೆಳೆಯುತ್ತಿರುವುದು ಯಾವುದು ಅಂತ ಒಮ್ಮೆ ಕೇಳಿಕೊಳ್ಳಿ. ನೊರೆ ಮತ್ತು ನಾಲಿಗೆಗೆ ಬಡಿಯುವ ಗ್ಯಾಸಾ? ಕಾಳಿನ ಹುಳಿ ಹುಳಿ ರುಚಿಯಾ? ಒಗರಾ? ಸಕ್ಕರೆ ನೀರು ಬೇರೆಯೇ ಆಗುವುದನ್ನು ಕಣ್ಣಾರೆ ನೋಡುವ ಖುಷಿಯಾ? ಇವೆಲ್ಲ ಬೇರೆ ದಾರಿಯಲ್ಲೂ ಸಿಗುತ್ತವೆ. ನಾನು ಮಾಡಿ ನೋಡಿದ ನಾಲ್ಕು ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲು ನಿಮ್ಮ ಅಡುಗೆಮನೆಯ ಬಿಸಿ ನೋಡಿ

ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಮಧ್ಯರಾತ್ರಿಗೇ ಉಕ್ಕಿ ಹರಿಯುತ್ತದೆ. ಡಿಸೆಂಬರಿನಲ್ಲಿ ಬೆಳಗಾದರೂ ಏಳುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಅಲ್ವಾ? 10 ಡಿಗ್ರಿ ಏರಿದರೆ ಹುದುಗುವ ವೇಗ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ಹೊರದೇಶದವರ ಪಾಕವಿಧಾನದಲ್ಲಿ 'ಐದು ದಿನ ಇಡಿ' ಅಂತ ಇದ್ದರೆ ಅದು 20–22 ಡಿಗ್ರಿಯ ಮನೆಯ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯ ಅಡುಗೆಮನೆಯೊಳಗೆ 32 ಡಿಗ್ರಿ ಇದ್ದಾಗ ಆ ಐದು ದಿನ ಎರಡೇ ದಿನ ಆಗುತ್ತದೆ. ಹೊಸಬರ ಮೊದಲ ಪ್ರಯತ್ನ ಕೆಡುವುದು ಹೆಚ್ಚಾಗಿ ಇಲ್ಲೇ. ಪಾಕವಿಧಾನ ತಪ್ಪಿರುವುದಿಲ್ಲ, ದಿನದ ಲೆಕ್ಕ ತಪ್ಪಿರುತ್ತದೆ.

ಧಾರವಾಡ ಮಲೆನಾಡಿನ ಅಂಚಿನಲ್ಲಿದೆ. ಮಳೆಗಾಲದಲ್ಲಿ ಇಲ್ಲಿನ ಮನೆಗಳ ಒಳಗೆ 24–26 ಡಿಗ್ರಿ ಇರುತ್ತದೆ. ಹುದುಗಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹಾವೇರಿ ಜಿಲ್ಲೆಯ ಹಾನಗಲ್ ಕಡೆಯೂ ಹಾಗೇ. ಗದಗ, ರೋಣದ ಕಡೆ ಬಿಸಿಲು ಜಾಸ್ತಿ, ಗಾಳಿಯೂ ಒಣ. ಅಲ್ಲಿನವರು ಮಾರ್ಚಿನಿಂದ ಮೇವರೆಗೆ ಬೇಗ ಮುಗಿಯುವುದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್ ತನ್ನಿ. ಬೇರೆ ಯಾವ ಸಾಮಾನಿಗಿಂತ ಮೊದಲು ಅದು ಬೇಕು.

ಇನ್ನು ನೀರು. ಹುಬ್ಬಳ್ಳಿ–ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ. ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಹಾಕುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲೋದಕ್ಕೆ, ನಮಗೆ ಬೇಕಾದವನ್ನೂ ಅದು ಬಿಡುವುದಿಲ್ಲ. ನೀರನ್ನು ಹತ್ತು ನಿಮಿಷ ಕುದಿಸಿ ಆರಿಸಿದರೆ ಸಾಕು. ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಅದು ಕುದಿಸಿದರೆ ಹೋಗುವುದಿಲ್ಲ. ಅಲ್ಲಿ ಕುಡಿಯೋದಕ್ಕೆ ತರುವ ಶುದ್ಧ ನೀರನ್ನೇ ಬಳಸಿ.

ಜೋಳದ ಅಂಬಲಿ: ಕಲಿಯೋದಕ್ಕೆ ಎಲ್ಲಕ್ಕಿಂತ ಒಳ್ಳೆಯದು

ಬಿಯರ್ ಅಂತ ಶುರು ಮಾಡಿ ಅಂಬಲಿಗೆ ತಂದು ನಿಲ್ಲಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಬಿಯರ್ ಅಂದರೆ ಹುದುಗಿದ ಕಾಳಿನ ನೀರು. ಅಂಬಲಿಯೂ ಅದೇ ಮನೆತನದ್ದು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯಾಗುವ ಕಾಳಿನಿಂದಲೇ ಆಫ್ರಿಕಾದ ಎಷ್ಟೋ ಊರುಗಳಲ್ಲಿ ಬಿಯರ್ ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಉಮ್ಕೊಂಬೊತಿ ಅಂಥದ್ದು. ಮೊಳಕೆ ಬರಿಸಿದ ಜೋಳ ಮತ್ತು ಮೆಕ್ಕೆಜೋಳದಿಂದ ಅದನ್ನು ಮಾಡುತ್ತಾರೆ. ಅಂಬಲಿಯಲ್ಲಿ ಮೊಳಕೆ ಇಲ್ಲ, ಅಮಲಿಲ್ಲ. ಹುಳಿ ಮಾತ್ರ ಇದೆ. ಆ ಹುಳಿ ಮೊಸರಿನಲ್ಲಿರುವಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ ಬರುತ್ತದೆ.

ಒಂದು ಬಟ್ಟಲು ಜೋಳದ ಹಿಟ್ಟಿಗೆ ಎರಡು ಬಟ್ಟಲು ನೀರು, ಎರಡು ಚಮಚ ಹುಳಿ ಮಜ್ಜಿಗೆ. ಗಂಟಿಲ್ಲದಂತೆ ಕಲಸಿ ಮಣ್ಣಿನ ಗಡಿಗೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಐದಾರು ಬಟ್ಟಲು ನೀರು ಕುದಿಸಿ, ಆ ಹುಳಿ ಹಿಟ್ಟನ್ನು ತಿರುವುತ್ತಾ ತಿರುವುತ್ತಾ ಸುರಿಯಿರಿ. ಹತ್ತು ನಿಮಿಷ ಬೇಯಲಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಮತ್ತು ಜೀರಿಗೆ. ಮಾಲದಂಡಿ ಜೋಳವಾದರೆ ರುಚಿ ಇನ್ನೂ ಚೆನ್ನ.

ನವಲಗುಂದದ ನಮ್ಮ ಅತ್ತಿ ಗಡಿಯಾರ ನೋಡಿ ಅಂಬಲಿ ಮಾಡಿದವರಲ್ಲ. ಗಡಿಗೆಯ ಮೇಲಿನ ಅರಿವೆ ಸರಿಸಿ ಮೂಗು ಒಡ್ಡುತ್ತಿದ್ದರು. "ಇನ್ನಾ ಹಸಿ ವಾಸನಿ ಐತಿ, ಒಂದ್ ತಾಸ್ ಬಿಡು" ಅನ್ನುತ್ತಿದ್ದರು. ನಾನು ಹುದುಗಿಸುವುದರ ಬಗ್ಗೆ ಕಲಿತ ಮೊದಲ ಪಾಠ ಅದು. ಹಸಿ ಹಿಟ್ಟಿನ ವಾಸನೆ ಹೋಗಿ ಮೊಸರಿನ ಹುಳಿ ವಾಸನೆ ಬಂದರೆ ಸರಿ. ಕೊಳೆತ ವಾಸನೆ, ಗುಲಾಬಿ ಅಥವಾ ಹಸಿರು ಬಣ್ಣ ಕಂಡರೆ ಚೆಲ್ಲಿ. ಈ ಮೂಗು ಪಳಗಿದರೆ ಮುಂದಿನ ಮೂರೂ ಸುಲಭ.

ಗಡಿಗೆಗೆ ಕಾರಣವಿದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಜಿನುಗಿ ಆವಿಯಾಗುವಾಗ ಒಳಗೆ ತಂಪಾಗುತ್ತದೆ. ಹಿಂದಿನ ಸಲದ ಹೆಪ್ಪು ಆ ರಂಧ್ರಗಳಲ್ಲೇ ಉಳಿದಿರುತ್ತದೆ. ಸ್ಟೀಲಿನ ಪಾತ್ರೆಯಲ್ಲೂ ಆಗುತ್ತದೆ, ಆದರೆ ಮೇ ತಿಂಗಳಲ್ಲಿ ಬೇಗ ಅತಿಹುಳಿಯಾಗುತ್ತದೆ.

ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ರಾತ್ರಿಯ ಕೆಲಸ. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕುಡಿಯಬಹುದು. ಮದ್ಯವನ್ನು ಹನಿಯಷ್ಟೂ ಮುಟ್ಟದ ಮನೆಗಳಿಗೆ ನಾನು ಹೇಳುವುದು ಇದೊಂದನ್ನೇ. ಕೊರತೆ ಏನೆಂದರೆ ನೊರೆ ಬರುವುದಿಲ್ಲ.

ಒಂದು ಎಚ್ಚರಿಕೆ. ಜೋಳಕ್ಕೆ ಮೊಳಕೆ ಬರಿಸಿ ಏನಾದರೂ ಮಾಡುವ ಮನಸ್ಸಿದ್ದರೆ, ಒಣಗಿಸಿದ ಮೇಲೆ ಮೊಳಕೆ ಮತ್ತು ಬೇರನ್ನು ಉಜ್ಜಿ ಪೂರ್ತಿ ತೆಗೆಯಬೇಕು. ಜೋಳದ ಎಳೆ ಮೊಳಕೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಕಾರಣ ಅದೇ. ಹೊಸಬರಿಗೆ ರಾಗಿ ಮೊಳಕೆ ಸುರಕ್ಷಿತ.

ಶುಂಠಿ ಬಿಯರ್: ನೊರೆ ಬೇಕಾದವರಿಗೆ

ಹೆಸರಿನಲ್ಲಿ ಬಿಯರ್ ಇದೆ, ಬಾರ್ಲಿ ಇಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಹುಟ್ಟಿದ ಪಾನೀಯ ಇದು. ಅಲ್ಲಿ ಇದರ ಹೆಪ್ಪನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕೊಡುತ್ತಿದ್ದರು, ನಾವು ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರುವ ಹಾಗೆ. ಹ್ಯಾರಿ ಮಾರ್ಷಲ್ ವಾರ್ಡ್ ಅನ್ನುವ ಸಸ್ಯವಿಜ್ಞಾನಿ 1892ರಲ್ಲಿ ಆ ಹೆಪ್ಪನ್ನು ಪರೀಕ್ಷಿಸಿ, ಅದರಲ್ಲಿ ಈಸ್ಟ್ ಮತ್ತು ಬ್ಯಾಕ್ಟೀರಿಯಾ ಜೊತೆಯಾಗಿ ಬದುಕುತ್ತವೆ ಅಂತ ತೋರಿಸಿದರು. ಅದಕ್ಕೂ ಮೊದಲು ಇದೇ ವಾರ್ಡ್ ಸಿಲೋನಿನಲ್ಲಿ ಕಾಫಿ ಗಿಡದ ಎಲೆಯ ತುಕ್ಕು ರೋಗದ ಬೆನ್ನು ಹತ್ತಿದವರು.

ನಮಗೆ ಆ ಹಳೆಯ ಹೆಪ್ಪು ಬೇಕಿಲ್ಲ. ಶುಂಠಿಯ ಸಿಪ್ಪೆಯ ಮೇಲೆ ಇರುವ ಈಸ್ಟೇ ಸಾಕು. ಅರ್ಧ ಲೀಟರ್ ಆರಿದ ನೀರಿಗೆ ಎರಡು ದೊಡ್ಡ ಚಮಚ ತುರಿದ ಶುಂಠಿ, ಎರಡು ದೊಡ್ಡ ಚಮಚ ಸಕ್ಕರೆ ಹಾಕಿ, ಅರಿವೆ ಕಟ್ಟಿ ಇಡಿ. ಶುಂಠಿಯ ಮಣ್ಣು ತೊಳೆಯಿರಿ, ಸಿಪ್ಪೆ ಹೆರೆಯಬೇಡಿ. ದಿನಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಿ ಕಲಕಿ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ, ಚಳಿಯಲ್ಲಿ ವಾರಕ್ಕೆ ಗುಳ್ಳೆ ಏಳುತ್ತವೆ. ಕಿವಿ ಹತ್ತಿರ ತಂದರೆ ಸಣ್ಣಗೆ ಚಟಪಟ ಕೇಳಿಸುತ್ತದೆ. ಅದೇ ಹೆಪ್ಪು.

ಆಮೇಲೆ ಎರಡು ಲೀಟರ್ ನೀರಿನಲ್ಲಿ 100 ಗ್ರಾಂ ಜಜ್ಜಿದ ಶುಂಠಿ, 100 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ. ಪೂರ್ತಿ ಆರಲಿ. ಬಿಸಿ ಇರುವಾಗ ಹೆಪ್ಪು ಹಾಕಿದರೆ ಅದು ಸಾಯುತ್ತದೆ. ಸೋಸಿ, ಎರಡು ನಿಂಬೆಯ ರಸ, 200 ಮಿಲಿ ಹೆಪ್ಪಿನ ನೀರು ಬೆರೆಸಿ. ಬಾಟಲಿಗೆ ತುಂಬಿ, ಮೇಲೆ ನಾಲ್ಕು ಬೆರಳು ಖಾಲಿ ಬಿಡಿ.

ಈ ಲೆಕ್ಕವನ್ನು ಮಾತ್ರ ಮನಸ್ಸಿಟ್ಟು ಓದಿ. 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಅಂಗಡಿಯ ಸೋಡಾದಲ್ಲಿ ಲೀಟರಿಗೆ ಹೆಚ್ಚೆಂದರೆ ನಾಲ್ಕು ಲೀಟರಿನಷ್ಟು ಗ್ಯಾಸ್ ಇರುತ್ತದೆ. ನಿಮ್ಮ ಬಾಟಲಿಯಲ್ಲಿ ಲೀಟರಿಗೆ 50 ಗ್ರಾಂ ಸಕ್ಕರೆ ಇದೆ. ಮರೆತು ಹೊರಗೇ ಬಿಟ್ಟರೆ ಹನ್ನೆರಡು ಲೀಟರ್ ಗ್ಯಾಸ್ ಆಗುತ್ತದೆ, ಸೋಡಾದ ಮೂರು ಪಟ್ಟು. ಯಾವ ಗಾಜಿನ ಬಾಟಲಿಯೂ ಅದನ್ನು ತಡೆಯುತ್ತದೆ ಅಂತ ನಂಬಬಾರದು.

ಒಮ್ಮೆ ಏಪ್ರಿಲಿನಲ್ಲಿ ಶರಬತ್ತಿನ ಹಳೆಯ ಗಾಜಿನ ಬಾಟಲಿಗಳಿಗೆ ಶುಂಠಿ ಬಿಯರ್ ತುಂಬಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಹಾವೇರಿಯಲ್ಲಿ ಮದುವೆ ಇತ್ತು, ಮೂರು ದಿನ ಹೋದೆವು. ಬಂದು ಬಾಗಿಲು ತೆಗೆದಾಗ ಗಾಜಿನ ಚೂರು ಎದುರಿನ ಗೋಡೆಯವರೆಗೆ ಸಿಡಿದಿದ್ದವು. ಒಂದು ಚೂರು ಪ್ಲಾಸ್ಟಿಕ್ ಡಬ್ಬಿಯೊಳಗೆ ಹೊಕ್ಕು ನಿಂತಿತ್ತು. ನನ್ನ ಮಗಳು ಸಾಮಾನ್ಯವಾಗಿ ಕೂತು ಓದುವ ಜಾಗ ಅದು. ಅಂದಿನಿಂದ ನಾನು ಇದಕ್ಕೆ ಗಾಜು ಮುಟ್ಟಿಲ್ಲ.

ಕೂಲ್‌ಡ್ರಿಂಕ್ಸ್ ಬರುವ ಪ್ಲಾಸ್ಟಿಕ್ ಬಾಟಲಿ ತೊಳೆದು ಬಳಸಿ. ಅದು ಗ್ಯಾಸಿನ ಒತ್ತಡಕ್ಕೆಂದೇ ಮಾಡಿದ ಬಾಟಲಿ. ನೀರಿನ ಬಾಟಲಿ ನಡೆಯುವುದಿಲ್ಲ, ಅದು ತೆಳು. ಇನ್ನೊಂದು ಅನುಕೂಲ ಎಂದರೆ, ಒತ್ತಿ ನೋಡಬಹುದು. ತುಂಬಿದಾಗ ಮೆತ್ತಗಿರುತ್ತದೆ. ಒತ್ತಿದರೆ ಸ್ವಲ್ಪ ಬಿಗಿ ಅನ್ನಿಸಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಬೇಸಿಗೆಯಲ್ಲಿ ಇದಕ್ಕೆ ಒಂದೇ ದಿನ ಸಾಕಾಗಬಹುದು. ಬೆಳಿಗ್ಗೆ ಸಂಜೆ ಎರಡು ಹೊತ್ತು ಒತ್ತಿ ನೋಡಿ. ಫ್ರಿಜ್ಜಿನಲ್ಲೂ ನಿಧಾನಕ್ಕೆ ಹುದುಗುತ್ತಲೇ ಇರುತ್ತದೆ, ಹಾಗಾಗಿ ಒಂದು ವಾರದೊಳಗೆ ಮುಗಿಸಿ. ಕರೆಂಟು ತಾಸುಗಟ್ಟಲೆ ಹೋದ ದಿನ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.

ಗೋಲಿ ಸೋಡಾ ಬಾಟಲಿ ಸಿಕ್ಕರೆ ಎಷ್ಟು ಚೆಂದ ಅಂತ ನನಗೂ ಅನ್ನಿಸಿತ್ತು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ತಳ್ಳಿ ರಬ್ಬರ್ ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಆದರೆ ಅದನ್ನು ತುಂಬಲು ಯಂತ್ರ ಬೇಕು. ಮೇಲಾಗಿ ಅದೂ ಗಾಜೇ.

ಅಮಲಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಶೇ. 1 ಆಲ್ಕೋಹಾಲ್ ಆಗುತ್ತದೆ. ಮೆಲುವಾದ ನೊರೆ ಬಂದಾಗಲೇ ಫ್ರಿಜ್ಜಿಗಿಟ್ಟರೆ ಶೇ. 0.5ರ ಆಸುಪಾಸು ಇರುತ್ತದೆ. ಪೂರ್ತಿ ಹುದುಗಲು ಬಿಟ್ಟರೆ ಶೇ. 3ರ ಹತ್ತಿರ ಹೋಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಶೇ. 0.5 ಮೀರಿದ್ದು ಮದ್ಯದ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನೊರೆ ಜಾಸ್ತಿ ಬರಲಿ ಅಂತ ಕಾಯಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟು ಕಷ್ಟಪಟ್ಟು ದೂರ ಉಳಿದಿರುವವರಿಗೆ ಇದನ್ನು ಕೊಡಬೇಡಿ. ಬಂದ ನೆಂಟರಿಗೆ ಕೊಡುವ ಮುಂಚೆ ಇದು ಏನು ಅಂತ ಹೇಳಿ ಕೊಡಿ.

ಸಕ್ಕರೆ ಬದಲು ಬೆಲ್ಲ ಹಾಕಿದರೆ ಬಣ್ಣ, ರುಚಿ ಎರಡೂ ಬಿಯರಿಗೆ ಹತ್ತಿರ ಬರುತ್ತವೆ. ಹಳದಿಯಾಗಿ ಹೊಳೆಯುವ ಬೆಲ್ಲ ಬೇಡ. ಬಣ್ಣ ಬರಲೆಂದು ಅದಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುತ್ತಾರೆ, ಅದು ಈಸ್ಟಿಗೆ ಆಗುವುದಿಲ್ಲ. ಕಪ್ಪು ಬೆಲ್ಲ ತನ್ನಿ.

ಕೊಂಬುಚಾ: ತಾಳ್ಮೆ ಇದ್ದವರಿಗೆ

ಸಿಹಿ ಚಹಾಕ್ಕೆ ಸ್ಕೋಬಿ ಅನ್ನುವ, ಈಸ್ಟ್ ಮತ್ತು ಬ್ಯಾಕ್ಟೀರಿಯಾ ಸೇರಿ ಕಟ್ಟಿದ ದಪ್ಪ ಪದರ ಹಾಕಿ ಹುಳಿ ಬರಿಸುವುದು ಕೊಂಬುಚಾ. ಎರಡು ಲೀಟರಿಗೆ ನಾಲ್ಕು ಚಮಚ ಚಹಾಪುಡಿ, 150 ಗ್ರಾಂ ಸಕ್ಕರೆ. ಹಾಲು, ಏಲಕ್ಕಿ ಏನೂ ಬೇಡ. ಆರಿದ ಮೇಲೆ ಸ್ಕೋಬಿ ಮತ್ತು ಹಳೆಯ ಕೊಂಬುಚಾ 200 ಮಿಲಿ. ಆ 200 ಮಿಲಿ ತಪ್ಪಿಸಬೇಡಿ. ಮೊದಲ ದಿನದಿಂದಲೇ ಹುಳಿ ಇದ್ದರೆ ಮಾತ್ರ ಬೂಷ್ಟು ಹತ್ತಿರ ಬರುವುದಿಲ್ಲ. ಬಾಯಗಲದ ಗಾಜಿನ ಜಾಡಿ, ಮೇಲೆ ಬಿಗಿಯಾಗಿ ಕಟ್ಟಿದ ಅರಿವೆ. ಬಾಯಿ ತೆರೆದೇ ಇರುವುದರಿಂದ ಇಲ್ಲಿ ಗಾಜು ಸಿಡಿಯುವ ಭಯವಿಲ್ಲ. ಉಪ್ಪಿನಕಾಯಿಯ ಹಳೆಯ ಬಣ್ಣದ ಬರಣಿ ಬಳಸಬೇಡಿ. ಅದರ ಹೊಳಪಿನಲ್ಲಿ ಸೀಸ ಇದ್ದರೆ ಹುಳಿಗೆ ಬಿಟ್ಟುಕೊಳ್ಳುತ್ತದೆ.

ಇದಕ್ಕೆ 24–29 ಡಿಗ್ರಿ ಹಿತ. ಧಾರವಾಡದ ಮಳೆಗಾಲದಲ್ಲಿ ಎಂಟು ಹತ್ತು ದಿನಕ್ಕೆ ಸಿಹಿ, ಹುಳಿ, ಚಹಾದ ಒಗರು ಮೂರೂ ಹದಕ್ಕೆ ಬರುತ್ತವೆ. ಬಿಯರಿನ ಒಗರು ಇಷ್ಟಪಡುವವರಿಗೆ ನಾಲ್ಕರಲ್ಲಿ ಇದೇ ಹತ್ತಿರ. ಗದಗಿನ ಮೇ ತಿಂಗಳಲ್ಲಿ ಐದನೇ ದಿನಕ್ಕೇ ವಿನೆಗರ್ ಆಗಿಬಿಡುತ್ತದೆ. ನನಗೆ ಕೊಂಬುಚಾ ಇಷ್ಟ. ಆದರೆ ಮೊದಲ ಪ್ರಯತ್ನಕ್ಕೆ ಇದನ್ನು ಹೇಳುವುದಿಲ್ಲ. ಸ್ಕೋಬಿಯ ಮೇಲೆ ಕಾಣುವುದು ಹೊಸ ಪದರವೋ ಬೂಷ್ಟೋ ಅಂತ ಹೊಸಬರಿಗೆ ತಿಳಿಯುವುದು ಕಷ್ಟ. ಹಸಿಯಾಗಿ, ಲೋಳೆಯಾಗಿ ಇದ್ದರೆ ಪದರ. ಒಣಗಿ, ತುಪ್ಪಳದ ಹಾಗೆ ಇದ್ದರೆ ಬೂಷ್ಟು. ಬೂಷ್ಟಾದರೆ ಸ್ಕೋಬಿ ಸಮೇತ ಎಲ್ಲವನ್ನೂ ಎಸೆಯಬೇಕು, ಮೇಲೆ ತೆಗೆದು ಉಳಿದದ್ದು ಕುಡಿಯುವ ಹಾಗಿಲ್ಲ. ಇದರಲ್ಲೂ ಸ್ವಲ್ಪ ಆಲ್ಕೋಹಾಲ್ ಇರುತ್ತದೆ. ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಗರ್ಭಿಣಿಯರು ಕುಡಿಯಬಾರದು. ರೋಗ ವಾಸಿಯಾಗುತ್ತದೆ ಅನ್ನುವ ಮಾತನ್ನು ನಂಬಿ ಔಷಧಿ ಬಿಡಬೇಡಿ.

ತೆಪಾಚೆ: ಅನಾನಸಿನ ಸಿಪ್ಪೆಯಿಂದ

ಇದು ಮೆಕ್ಸಿಕೋದ್ದು. ಅಲ್ಲಿ ಇದಕ್ಕೆ ಹಾಕುವ ಪಿಲೋನ್ಸಿಯೊ ಅನ್ನುವುದು ನಮ್ಮ ಬೆಲ್ಲವೇ. ಬನವಾಸಿ ಕಡೆಯ ಅನಾನಸು ನಮ್ಮ ಪೇಟೆಗೆ ಬರುತ್ತದೆ. ಹಣ್ಣು ತಿಂದು, ಸಿಪ್ಪೆಯನ್ನು ಎರಡು ಲೀಟರ್ ನೀರಿನಲ್ಲಿ 150 ಗ್ರಾಂ ಬೆಲ್ಲ, ಒಂದು ತುಂಡು ದಾಲ್ಚಿನ್ನಿ, ಎರಡು ಲವಂಗದ ಜೊತೆ ಮುಳುಗಿಸಿಡಿ. ಸಿಪ್ಪೆ ನೀರಿನ ಮೇಲೆ ತೇಲಬಾರದು, ಒಂದು ತಟ್ಟೆ ಹೇರಿ. ಬೇಸಿಗೆಯಲ್ಲಿ ಒಂದೂವರೆ ದಿನ ಸಾಕು. ಸೋಸಿ ಫ್ರಿಜ್ಜಿಗೆ ಹಾಕಿ ಎರಡು ದಿನದಲ್ಲಿ ಕುಡಿದು ಮುಗಿಸಿ. ಹೆಪ್ಪು ಬೇಡ, ಬಾಟಲಿ ಒತ್ತಿ ನೋಡುವ ಕೆಲಸ ಬೇಡ. ಸಣ್ಣ ನೊಣಗಳು ಮುತ್ತುತ್ತವೆ, ಅರಿವೆ ಬಿಗಿಯಾಗಿ ಕಟ್ಟಿ. ಮೂರು ದಿನ ದಾಟಿದರೆ ಅಮಲು ಏರುತ್ತದೆ, ಆಮೇಲೆ ವಿನೆಗರ್ ಆಗುತ್ತದೆ. ಅಮಲಿನ ಬಗ್ಗೆ ಶುಂಠಿ ಬಿಯರಿಗೆ ಹೇಳಿದ ಎಚ್ಚರಿಕೆಗಳು ಇದಕ್ಕೂ ಇವೆ.

ಹಾಗಾದರೆ ನಿಮಗೆ ಯಾವುದು?

ಈ ಮೊದಲು ಏನನ್ನೂ ಹುದುಗಿಸದವರಾದರೆ ಎರಡು ವಾರ ಅಂಬಲಿ ಮಾಡಿ. ನಾಲ್ಕು ದಿನ ಸರಿಯಾಗಿ, ಒಂದು ದಿನ ಅತಿಹುಳಿಯಾಗಿ ಬರುತ್ತದೆ. ಆ ಅತಿಹುಳಿ ಯಾಕಾಯಿತು ಅಂತ ನಿಮಗೇ ಹೊಳೆದರೆ ಶುಂಠಿಗೆ ಕೈ ಹಾಕಿ. ನೊರೆಯ ಆಸೆ ಇರುವವರಿಗೆ ಬೇರೆ ಯಾವುದೂ ಅಷ್ಟು ಸಮಾಧಾನ ಕೊಡುವುದಿಲ್ಲ. ಆದರೆ ದಿನಾ ಎರಡು ಹೊತ್ತು ಮನೆಯಲ್ಲಿ ಇರುವವರು ಒಬ್ಬರು ಬೇಕು.

ಕೆಲಸಕ್ಕೆ ಹುಬ್ಬಳ್ಳಿ–ಧಾರವಾಡ ಓಡಾಡುತ್ತಾ ರಾತ್ರಿ ಮನೆ ಸೇರುವವರಿಗೆ ಕೊಂಬುಚಾ ವಾಸಿ. ದಿನಗಟ್ಟಲೆ ತಿರುಗಿ ನೋಡದಿದ್ದರೂ ಅದು ಮುನಿಯುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಶುರು ಮಾಡಿ. ಸ್ಕೋಬಿಗೆ ದುಡ್ಡು ಕೊಡುವ ಮುಂಚೆ ಪರಿಚಯದಲ್ಲಿ ಯಾರಾದರೂ ಮಾಡುತ್ತಿದ್ದಾರಾ ಅಂತ ಕೇಳಿ. ಪ್ರತಿ ಸಲ ಹೊಸ ಪದರ ಹುಟ್ಟುವುದರಿಂದ ಅವರಿಗೂ ಕೊಡೋದಕ್ಕೆ ಯಾರಾದರೂ ಬೇಕಿರುತ್ತಾರೆ.

ಜಾತ್ರೆ, ಮದುವೆ ಅಂತ ಊರಿಗೆ ಹೋಗುವ ದಿನ ಹತ್ತಿರ ಇದ್ದರೆ ಬಾಟಲಿಗೆ ಏನನ್ನೂ ತುಂಬಬೇಡಿ. ಶುಂಠಿ ಹೆಪ್ಪಿಗೆ ಒಂದು ಚಮಚ ಸಕ್ಕರೆ ಹಾಕಿ, ಮುಚ್ಚಳ ಸಡಿಲವಾಗಿ ಇಟ್ಟು ಫ್ರಿಜ್ಜಿಗೆ ಸೇರಿಸಿ. ವಾರಕ್ಕೊಮ್ಮೆ ಅಷ್ಟು ಕೊಟ್ಟರೆ ತಿಂಗಳುಗಟ್ಟಲೆ ಬದುಕಿರುತ್ತದೆ. ವಾಪಸ್ ಬಂದ ಮೇಲೆ ಹೊರಗಿಟ್ಟು ಶುಂಠಿ, ಸಕ್ಕರೆ ಕೊಡಿ. ಒಂದೆರಡು ದಿನಕ್ಕೆ ಮತ್ತೆ ಚಟಪಟ ಶುರುವಾಗುತ್ತದೆ.